ಹಿಡಿಯೋದು ಸುಲಭ, ಬಿಡಿಸೋದು ಕಷ್ಟ: ಹೊಗೆಯಿಂದ ಇಂಗಾಲ ಹಿಡಿಯುವ ಸಂಶೋಧನೆ ಮತ್ತು ನಮ್ಮ ತುಮಕೂರು

ನಮ್ಮಜ್ಜಿಯ ಎಲೆ ಅಡಿಕೆ ಸಂಚಿಯಲ್ಲಿ ಒಂದು ಪುಟ್ಟ ಸುಣ್ಣದ ಡಬ್ಬಿ ಇರುತ್ತಿತ್ತು. ತಿಪಟೂರು ಕಡೆಯ ಹಳ್ಳಿ. ಊಟ ಮುಗಿಸಿ ಜಗಲಿ ಮೇಲೆ ಕೂತು ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದರು. ನಾವು ಮಕ್ಕಳು ಆ ಡಬ್ಬಿ ಹಿಡಿದು ಆಡಿ, ಮುಚ್ಚಳ ಹಾಕದೆ ಎಲ್ಲೋ ಬಿಟ್ಟುಬಿಡುತ್ತಿದ್ದೆವು. ಮಾರನೇ ದಿನ ನೋಡಿದರೆ ಸುಣ್ಣದ ಮೇಲೆ ಗಟ್ಟಿ ಪದರ. ಅಜ್ಜಿ ಉಗುರಲ್ಲಿ ಅದನ್ನು ಕೆರೆದು ಎಸೆದು, ಕೆಳಗಿನ ಮೆತ್ತನೆ ಸುಣ್ಣಕ್ಕೆ ಎರಡು ಹನಿ ನೀರು ಬಿಟ್ಟು, "ಗಾಳಿ ಕುಡಿದುಬಿಟ್ಟಿದೆ ನೋಡ್ರೋ" ಅನ್ನುತ್ತಿದ್ದರು.

ಅಜ್ಜಿ ಹೇಳಿದ್ದು ನೂರಕ್ಕೆ ನೂರು ನಿಜ. ಒದ್ದೆ ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಗಟ್ಟಿ ಪದರ ಅಂದರೆ ಅದೇ. ಅದಕ್ಕೆ ಸುಣ್ಣದ ಖಾರವೂ ಇರುವುದಿಲ್ಲ, ಬಾಯಿ ಸುಡುವುದಿಲ್ಲ. ಗೋಡೆಗೆ ಹೊಡೆದ ಸುಣ್ಣ ದಿನ ಕಳೆದಂತೆ ಗಟ್ಟಿಯಾಗುವುದೂ ಇದೇ ಕಾರಣಕ್ಕೆ.

ಈಗ ಎಲ್ಲ ಕಡೆ ಕಾರ್ಬನ್ ಕ್ಯಾಪ್ಚರ್, ಅಂದರೆ ಹೊಗೆಯಿಂದಲೋ ಗಾಳಿಯಿಂದಲೋ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ತೆಗೆಯುವುದು, ಅನ್ನುವ ಮಾತು ಕೇಳಿಬರುತ್ತಿದೆ ಅಲ್ವಾ? ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಕೈ ಜೋಡಿಸಿ ಅದರ ಮೇಲೆ ಕೆಲಸ ಮಾಡುತ್ತಿವೆ. ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಪ್ರತಿ ವರ್ಷ ಈ ವಿಷಯ ಬಂದಾಗ ಅಜ್ಜಿಯ ಡಬ್ಬಿಯಿಂದಲೇ ಶುರು ಮಾಡುತ್ತೇನೆ. ಮಕ್ಕಳು ತಕ್ಷಣ ಕೇಳುವ ಪ್ರಶ್ನೆ ಒಂದೇ: "ಮೇಡಂ, ಸುಣ್ಣನೇ ಈ ಕೆಲಸ ಮಾಡುತ್ತೆ ಅಂದ್ರೆ, ಎಲ್ಲ ಕಡೆ ಸುಣ್ಣ ಇಟ್ರೆ ಮುಗೀತಲ್ವಾ?"

ಮುಗಿಯುವುದಿಲ್ಲ. ಯಾಕೆ ಅಂದರೆ ಆ ಸುಣ್ಣ ಬಂದದ್ದು ಎಲ್ಲಿಂದ? ಸುಣ್ಣದ ಗೂಡಿನಿಂದ. ಕಲ್ಲನ್ನು ಹತ್ತಿರ ಹತ್ತಿರ 900 ಡಿಗ್ರಿ ಕಾಯಿಸಿದಾಗ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿ ಅರಳಿಸಿದ್ದನ್ನೇ ನಾವು ಎಲೆಗೆ ಸವರುವುದು. ಗೂಡಿನಲ್ಲಿ ಎಷ್ಟು ಬಿಟ್ಟಿತ್ತೋ ಅಷ್ಟನ್ನೇ ಅದು ಡಬ್ಬಿಯಲ್ಲಿ ವಾಪಸ್ ತೆಗೆದುಕೊಂಡಿತು. ಗೂಡಿಗೆ ಹಾಕಿದ ಸೌದೆ, ಕಲ್ಲಿದ್ದಲಿನ ಹೊಗೆ ಬೇರೆ. ಲಾಭ ಏನೂ ಆಗಲಿಲ್ಲ.

ಹಿಡಿಯೋದು ಸುಲಭ, ಬಿಡಿಸೋದು ಕಷ್ಟ. ಈ ಸಂಶೋಧನೆಯ ಪೂರ್ತಿ ಕಥೆ ಈ ನಾಲ್ಕು ಪದದಲ್ಲಿದೆ. ಬಿಡಿಸಲೇಬೇಕು ಯಾಕೆ ಅಂದರೆ, ಹಿಡಿಯುವ ವಸ್ತುವನ್ನು ಸಾವಿರಾರು ಸಲ ಮತ್ತೆ ಮತ್ತೆ ಬಳಸಬೇಕು. ಒಂದು ಸಲ ತುಂಬಿಕೊಂಡು ಸುಮ್ನೆ ಕೂತರೆ ಅಂಥದ್ದನ್ನು ಬೆಟ್ಟದಷ್ಟು ತರಬೇಕಾಗುತ್ತದೆ.

ಎಷ್ಟು ಹಿಡಿಯಬೇಕು ಅನ್ನುವುದನ್ನೂ ಸ್ವಲ್ಪ ನೋಡೋಣ. ಒಂದು ಲೀಟರ್ ಪೆಟ್ರೋಲ್ ತೂಕ ಮುಕ್ಕಾಲು ಕೆಜಿ ಇರಬಹುದು. ಅದನ್ನು ಸುಟ್ಟರೆ ಬರುವ ಕಾರ್ಬನ್ ಡೈಆಕ್ಸೈಡ್ 2.3 ಕೆಜಿ. ಮಕ್ಕಳು ಇದನ್ನು ನಂಬುವುದಿಲ್ಲ. ಮುಕ್ಕಾಲು ಕೆಜಿಯಿಂದ ಎರಡೂಕಾಲು ಕೆಜಿ ಹೇಗೆ? ಉರಿಯುವಾಗ ಗಾಳಿಯ ಆಕ್ಸಿಜನ್ ಬಂದು ಸೇರಿಕೊಳ್ಳುತ್ತದೆ, ತೂಕ ಜಾಸ್ತಿ ಇರುವುದು ಅದರದ್ದೇ. ತುಮಕೂರಿನಿಂದ ಬೆಂಗಳೂರಿಗೆ ಬೈಕಲ್ಲಿ ಹೋಗಿ ಬರುವಷ್ಟರಲ್ಲಿ ಐದಾರು ಕೆಜಿಯಷ್ಟು ಗಾಳಿಗೆ ಬಿಟ್ಟಿರುತ್ತೇವೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಕಾರ್ಖಾನೆಗಳು ಬರುವ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಕಾರ್ಬನ್ ಡೈಆಕ್ಸೈಡಿನವು 280 ಇದ್ದದ್ದು ಈಗ 420 ದಾಟಿದೆ.

420 ಅಂದರೆ ಹೆಚ್ಚು ಅನಿಸಬಹುದು. ಹಿಡಿಯಲು ಹೋದಾಗ ಗೊತ್ತಾಗುತ್ತದೆ ಎಷ್ಟು ವಿರಳ ಅಂತ. ಮೊರದಲ್ಲಿ ರಾಗಿ ಹರಡಿಕೊಂಡಿದ್ದೀರಿ ಅಂದುಕೊಳ್ಳಿ. 2,400 ರಾಗಿ ಕಾಳಿನ ಮಧ್ಯೆ ಒಂದೇ ಒಂದು ಸಾಸಿವೆ ಕಾಳು. ಅದನ್ನು ಹುಡುಕಿ ತೆಗೆಯಬೇಕು. ಬಯಲಿನ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ತೆಗೆಯುವುದು ಹಾಗೆ. ಅದೇ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಚಿಮಣಿ ಹೊಗೆಯಲ್ಲಿ ನೂರಕ್ಕೆ 12ರಿಂದ 15 ಪಾಲು ಇರುತ್ತದೆ. ಏಳೆಂಟು ಕಾಳಿಗೆ ಒಂದು ಸಾಸಿವೆ. ಅದಕ್ಕೇ ಮೊದಲು ಚಿಮಣಿಯಲ್ಲೇ ಹಿಡಿಯಿರಿ ಅನ್ನುವುದು.

ಕರಟದೊಳಗೆ ಹತ್ತು ಗುಂಟೆ

ಚಿಮಣಿಯಲ್ಲಿ ಹಿಡಿಯುವ ಹಳೇ ದಾರಿ ಅಮೀನ್ ದ್ರಾವಣ, ಅಂದರೆ ಅಮೋನಿಯಾದ ಬಂಧುವಾದ ಒಂದು ರಾಸಾಯನಿಕವನ್ನು ನೀರಲ್ಲಿ ಕರಗಿಸಿದ್ದು. 1930ರಲ್ಲೇ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಆಗಿತ್ತು. ಎತ್ತರದ ಗೋಪುರದಲ್ಲಿ ಮೇಲಿನಿಂದ ದ್ರಾವಣ ಮಳೆ ಹನಿಯಂತೆ ಸುರಿಯುತ್ತದೆ, ಕೆಳಗಿನಿಂದ ಹೊಗೆ ಮೇಲೇರುತ್ತದೆ. ದ್ರಾವಣ ಕಾರ್ಬನ್ ಡೈಆಕ್ಸೈಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ಅದನ್ನು ಇನ್ನೊಂದು ಗೋಪುರಕ್ಕೆ ಕಳಿಸಿ 120 ಡಿಗ್ರಿಗೆ ಕಾಯಿಸಿದರೆ ಹಿಡಿದದ್ದನ್ನು ಬಿಡುತ್ತದೆ. ಸುಣ್ಣಕ್ಕೆ ಬೇಕಾದ 900 ಡಿಗ್ರಿ ಎಲ್ಲಿ, 120 ಎಲ್ಲಿ! ಆದರೂ ಇಡೀ ಸ್ಥಾವರದ ಹೊಗೆಗೆ ಇದನ್ನು ಅಳವಡಿಸಿದರೆ ಅಲ್ಲಿ ತಯಾರಾಗುವ ಕರೆಂಟಿನ ಐದನೇ ಒಂದು ಭಾಗ, ಕೆಲವು ಕಡೆ ಕಾಲು ಭಾಗ, ಬರೀ ಈ ಬಿಡಿಸುವ ಕೆಲಸಕ್ಕೇ ಹೋಗುತ್ತದೆ. ಆ ದ್ರಾವಣದಲ್ಲಿ ಮುಕ್ಕಾಲು ಪಾಲು ನೀರೇ. ಒಂದಿಷ್ಟು ಅನಿಲ ಬಿಡಿಸುವುದಕ್ಕೆ ಅಷ್ಟೂ ನೀರು ಕಾಯಿಸಬೇಕು, ಮತ್ತೆ ತಣಿಸಬೇಕು, ಮತ್ತೆ ಕಾಯಿಸಬೇಕು.

ನಮ್ಮ ದೇಶದಲ್ಲೂ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ. ಖರಗ್‌ಪುರ ಐಐಟಿಯಲ್ಲಿ ಓದಿದ ಇಬ್ಬರು ಹುಡುಗರು 2009ರಲ್ಲಿ ಶುರು ಮಾಡಿದ ಕಾರ್ಬನ್ ಕ್ಲೀನ್ ಅನ್ನುವ ಕಂಪನಿ ಕಡಿಮೆ ಶಾಖ ಕೇಳುವ ದ್ರಾವಣ ತಯಾರಿಸಿತು. 2016ರಲ್ಲಿ ತಮಿಳುನಾಡಿನ ತೂತ್ತುಕುಡಿಯ ಕಾರ್ಖಾನೆಯೊಂದರ ಬಾಯ್ಲರ್ ಹೊಗೆಗೆ ಅದನ್ನು ಅಳವಡಿಸಿದರು. ವರ್ಷಕ್ಕೆ 60,000 ಟನ್ ಹಿಡಿಯುವ ಘಟಕ ಅದು. ಹಿಡಿದದ್ದನ್ನು ಅಲ್ಲೇ ಸೋಡಾ ಆಶ್, ಅಂದರೆ ವಾಷಿಂಗ್ ಸೋಡಾದ ಒಣ ಪುಡಿ, ಮಾಡಲು ಬಳಸುತ್ತಾರೆ.

ಇನ್ನೊಂದು ದಾರಿ ನನಗೆ ತುಂಬಾ ಹತ್ತಿರದ್ದು, ಯಾಕೆ ಅಂದರೆ ಅದು ನಮ್ಮೂರ ಕಣದಲ್ಲೇ ಬಿದ್ದಿರುತ್ತದೆ. ತೆಂಗಿನ ಕರಟ.

ತಿಪಟೂರಿನ ಕೊಬ್ಬರಿ ಮಾರುಕಟ್ಟೆ ನಿಮಗೆ ಗೊತ್ತೇ ಇರುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಇಳಿಸಿ, ಸುಲಿದು, ಒಡೆದು ಕೊಬ್ಬರಿ ತೆಗೆದ ಮೇಲೆ ಕರಟ ರಾಶಿ ಬೀಳುತ್ತದೆ. ನೀರೊಲೆಗೆ ಅದಕ್ಕಿಂತ ಒಳ್ಳೆ ಸೌದೆ ಇಲ್ಲ. ಅದನ್ನು ಗಾಳಿ ಸಿಗದ ಹಾಗೆ ಸುಟ್ಟರೆ ಇದ್ದಿಲಾಗುತ್ತದೆ. ಒಂದು ಚೂರು ಕರಟದ ಇದ್ದಿಲು ಕೈಯಲ್ಲಿ ಹಿಡಿದು ನೋಡಿ. ಹಗುರ, ಕಪ್ಪು, ಮುರಿದರೆ ಗಾಜು ಒಡೆದ ಹಾಗೆ ಟಣ್ ಅನ್ನುತ್ತದೆ. ಮರದ ಇದ್ದಿಲಿನಂತೆ ಕೈಗೆ ಅಷ್ಟೊಂದು ಮಸಿ ಹತ್ತುವುದಿಲ್ಲ. ಅದನ್ನು ಮತ್ತೆ 900 ಡಿಗ್ರಿ ಆಸುಪಾಸಿನಲ್ಲಿ ಹಬೆ ಹಾಯಿಸಿ ಕಾಯಿಸಿದರೆ, ಹಬೆ ಇದ್ದಿಲಿನ ಒಳಗೆಲ್ಲ ಕೊರೆಯುತ್ತಾ ಹೋಗುತ್ತದೆ. ಗೆದ್ದಲು ಮರ ತಿಂದ ಹಾಗೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂತು, ತೂತಿನೊಳಗೆ ತೂತು. ಇದೇ ಆಕ್ಟಿವೇಟೆಡ್ ಕಾರ್ಬನ್. ಮನೆಯ ನೀರಿನ ಫಿಲ್ಟರ್‌ನಲ್ಲಿ ಇರುವುದು ಇದೇ.

ಅಂಥ ಒಂದು ಗ್ರಾಂ ಪುಡಿಯ ಒಳಗಿನ ಗೋಡೆಗಳನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಒಂದು ಚಿಟಿಕೆ ಪುಡಿಯಲ್ಲಿ ಕಾಲು ಎಕರೆ! ಆ ಗೋಡೆಗಳಿಗೆ ಕಾರ್ಬನ್ ಡೈಆಕ್ಸೈಡ್ ಬಂದು ಅಂಟಿಕೊಳ್ಳುತ್ತದೆ. ಅಮೀನ್ ಹಾಗೆ ಇದು ರಾಸಾಯನಿಕವಾಗಿ ಬಿಗಿಯುವುದಿಲ್ಲ, ಗೋಡೆಗೆ ಧೂಳು ಕೂತ ಹಾಗೆ ಸಡಿಲವಾಗಿ ಕೂರುತ್ತದೆ. ಆದ್ದರಿಂದ ಬಿಡಿಸುವುದು ಸುಲಭ. ಒತ್ತಡ ಕಡಿಮೆ ಮಾಡಿದರೆ ಸಾಕು, ಎದ್ದು ಹೋಗುತ್ತದೆ. ತೊಂದರೆ ಇರುವುದು ಬೇರೆ ಕಡೆ. ಸಡಿಲವಾಗಿ ಹಿಡಿಯುವ ವಸ್ತು ವಿರಳವಾದ ಗಾಳಿಯಲ್ಲಿ ಜಾಸ್ತಿ ಹಿಡಿಯುವುದಿಲ್ಲ. ಹೊಗೆಯಲ್ಲಿ ತೇವ ಇದ್ದರೆ ನೀರಿನ ಆವಿಯೇ ಬಂದು ಜಾಗ ಹಿಡಿದುಬಿಡುತ್ತದೆ.

ಗಟ್ಟಿಯಾಗಿ ಹಿಡಿದರೆ ಬಿಡಿಸುವ ಖರ್ಚು, ಸಡಿಲವಾಗಿ ಹಿಡಿದರೆ ಹಿಡಿತವೇ ಕಡಿಮೆ. ಈ ಎರಡರ ನಡುವೆ ಸರಿಯಾದ ಜಾಗ ಹುಡುಕುವುದೇ ಪ್ರಪಂಚದ ರಸಾಯನಶಾಸ್ತ್ರ ವಿಭಾಗಗಳೆಲ್ಲ ಮಾಡುತ್ತಿರುವ ಕೆಲಸ. ಲೋಹ ಮತ್ತು ಸಾವಯವ ಅಣುಗಳನ್ನು ಕಟ್ಟಡದ ಸಾರವೆಯ ಹಾಗೆ ಜೋಡಿಸಿ, ತಮಗೆ ಬೇಕಾದ ಅಳತೆಯ ತೂತು ಮಾಡಿಕೊಳ್ಳುವ ವಿದ್ಯೆಯೂ ಬಂದಿದೆ. ಅವನ್ನು ಮಾಫ್ ಅನ್ನುತ್ತಾರೆ. ಅದಕ್ಕೆ ದಾರಿ ಮಾಡಿದ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಬಂತು. ಕೆಲವು ಮಾಫ್‌ಗಳಲ್ಲಿ ಒಂದು ಗ್ರಾಂಗೆ ಒಂದೂವರೆ ಎಕರೆಗಿಂತ ಜಾಸ್ತಿ ಜಾಗ ಇದೆ. ಬೆಲೆಯೂ ಹಾಗೇ ಇದೆ. ಕರಟ ಇನ್ನೂ ಸೋತಿಲ್ಲ.

ಒಬ್ಬರಿಂದ ಆಗುವ ಕೆಲಸ ಇದಲ್ಲ

ಪ್ರಯೋಗಾಲಯದಲ್ಲಿ ಹೊಸ ಪುಡಿ ಮಾಡಿದವರು ಮೊದಲು ಪರೀಕ್ಷೆ ಮಾಡುವುದು ಕೆಲವು ಮಿಲಿಗ್ರಾಂನಲ್ಲಿ. ಹಾಯಿಸುವುದು ಸಿಲಿಂಡರಿನ ಶುದ್ಧ, ಒಣ ಅನಿಲ. ಫಲಿತಾಂಶ ಚೆನ್ನಾಗಿ ಬರುತ್ತದೆ. ಚಿಮಣಿ ಹೊಗೆ ಹಾಗಿರುವುದಿಲ್ಲ. ಅದರಲ್ಲಿ ಬೂದಿ, ಗಂಧಕ, ತೇವ ಎಲ್ಲ ಇರುತ್ತದೆ. ಮಿಲಿಗ್ರಾಂನಲ್ಲಿ ಗೆದ್ದ ಪುಡಿ ಒಂದು ಕೆಜಿ ಮಾಡಿದಾಗ ಗಂಟು ಕಟ್ಟುತ್ತದೆ. ನೂರು ಸಲ ಹಿಡಿದು ಬಿಟ್ಟ ಮೇಲೆ ಪುಡಿಪುಡಿಯಾಗಿ ಹಾರಿಹೋಗುತ್ತದೆ. ಆಗ ಮೆಕ್ಯಾನಿಕಲ್, ಕೆಮಿಕಲ್ ಎಂಜಿನಿಯರುಗಳು ಬೇಕು. ಹಿಡಿದದ್ದನ್ನು ಎಲ್ಲಿಡೋದು ಅಂತ ಕೇಳಿದರೆ ಭೂವಿಜ್ಞಾನಿ ಬೇಕು. ಖರ್ಚು ಯಾರ ತಲೆ ಮೇಲೆ ಅಂದರೆ ಅರ್ಥಶಾಸ್ತ್ರದವರು, ಊರಿನವರು ಬೇಕು. ಇವರೆಲ್ಲ ಒಂದೇ ಕಾಲೇಜಿನಲ್ಲಿ ಸಿಗುವುದು ಅಪರೂಪ.

ಇಂಥ ಜೊತೆಗೆಲಸಕ್ಕೆ ನಾನು ಮಕ್ಕಳಿಗೆ ಕೊಡುವ ಉದಾಹರಣೆ ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್. ಐಸ್‌ಲ್ಯಾಂಡ್ ವಿಶ್ವವಿದ್ಯಾಲಯ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ, ಫ್ರಾನ್ಸಿನ ಸಂಶೋಧನಾ ಸಂಸ್ಥೆ, ಜೊತೆಗೆ ಅಲ್ಲಿನ ರಾಜಧಾನಿ ರೇಕ್ಯಾವಿಕ್‌ನ ವಿದ್ಯುತ್ ಕಂಪನಿ ಸೇರಿ ಶುರು ಮಾಡಿದ್ದು. ಅಲ್ಲಿ ನೆಲದಡಿಯ ಬಿಸಿಯಿಂದ ಕರೆಂಟ್ ತೆಗೆಯುತ್ತಾರೆ. ಅದರ ಜೊತೆ ಮೇಲೆ ಬರುವ ಕಾರ್ಬನ್ ಡೈಆಕ್ಸೈಡನ್ನು ನೀರಲ್ಲಿ ಕರಗಿಸಿ, ಅಂದರೆ ಸೋಡಾ ನೀರು ಮಾಡಿ, 2012ರಲ್ಲಿ ಬಸಾಲ್ಟ್ ಕಲ್ಲಿನೊಳಗೆ, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲಿನೊಳಗೆ, ಇಳಿಸಿದರು. ಅದು ಕಲ್ಲಾಗಲು ನೂರಾರು ವರ್ಷ ಬೇಕಾಗಬಹುದು ಅಂದುಕೊಂಡಿದ್ದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಇಳಿಸಿದ್ದರಲ್ಲಿ ನೂರಕ್ಕೆ 95ರಷ್ಟು ಎರಡೇ ವರ್ಷದೊಳಗೆ ಬಿಳಿ ಸುಣ್ಣದ ಕಲ್ಲಾಗಿತ್ತು! ಅಜ್ಜಿಯ ಡಬ್ಬಿಯ ಪದರವೇ, ನೆಲದಡಿ ನೂರಾರು ಮೀಟರ್ ಆಳದಲ್ಲಿ.

ಇದನ್ನು ಹೇಳಿದ ಕೂಡಲೇ ಮಕ್ಕಳು ಕೇಳುತ್ತಾರೆ, ನಮ್ಮ ಮಧುಗಿರಿ ಬೆಟ್ಟದ ಕೆಳಗೆ ತುಂಬಬಹುದಾ? ಆಗುವುದಿಲ್ಲ. ನಮ್ಮ ಕಡೆಯದ್ದು ಗ್ರಾನೈಟ್ ಮತ್ತು ಅದರ ಬಂಧುಗಳು. ಒಳಗೆ ಜಾಗ ಇಲ್ಲದ ಬಿಗಿ ಕಲ್ಲು. ಬೋರ್‌ವೆಲ್ ಕೊರೆಸಿದ ರೈತರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಬರೀ ಪುಡಿ. ಕೋಲಾರದ ಚಿನ್ನದ ಗಣಿಯ ಕಲ್ಲೂ ಒಂದು ಕಾಲದ ಲಾವಾವೇ, ಆದರೆ ಕೋಟ್ಯಂತರ ವರ್ಷ ಶಾಖ, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಗಿ ಹೋಗಿದೆ. ಬಸಾಲ್ಟ್ ಬೇಕು ಅಂದರೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೆ ಹೋಗಬೇಕು. ಇನ್ನೊಂದು ಮಾತು. ಐಸ್‌ಲ್ಯಾಂಡಿನ ಪದ್ಧತಿಗೆ ಒಂದು ಟನ್ ಇಳಿಸಲು 25 ಟನ್ ನೀರು ಬೇಕು. ನೀರಿಗೆ ಟ್ಯಾಂಕರ್ ಕಾಯುವ ಊರಲ್ಲಿ ಈ ಲೆಕ್ಕ ಹಾಕದೆ ಮುಂದೆ ಹೋಗಬಾರದು.

ಪಾವಗಡದ ಲೆಕ್ಕ

ಇಷ್ಟೆಲ್ಲ ಕಷ್ಟ ಪಟ್ಟು ಹಿಡಿಯುವುದಕ್ಕಿಂತ ಬಿಡದೇ ಇರುವುದು ವಾಸಿ ಅಲ್ವಾ? ಖಂಡಿತ ವಾಸಿ. ನಮ್ಮ ಜಿಲ್ಲೆಯಲ್ಲೇ ಅದಕ್ಕೆ ಲೆಕ್ಕ ಇದೆ.

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಸಾಮರ್ಥ್ಯ 2,050 ಮೆಗಾವ್ಯಾಟ್. 2018ರಲ್ಲಿ ಉದ್ಘಾಟನೆ ಆಯಿತು. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಕಡಲೆಕಾಯಿ ಬಿತ್ತಿ ಮಳೆಗೆ ಆಕಾಶ ನೋಡುತ್ತಿದ್ದವರಿಗೆ ಅದು ಖಚಿತ ಆದಾಯ. ಸ್ವಂತ ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಲ್ಲೇ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣ ಬರುವುದಿಲ್ಲ. ಈ ಮಾತನ್ನೂ ಜೊತೆಗೇ ಹೇಳಬೇಕು.

ಈಗ ಒಂದು ರಫ್ ಲೆಕ್ಕ. ಬಿಸಿಲು ಹಗಲು ಮಾತ್ರ. ಮೋಡದ ದಿನ ಕಡಿಮೆ. ಇಡೀ ವರ್ಷಕ್ಕೆ ಸರಾಸರಿ ಹಾಕಿದರೆ ಸಾಮರ್ಥ್ಯದ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಕರೆಂಟ್ ಬರುತ್ತದೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 400 ಕೋಟಿ ಯೂನಿಟ್ ಆಯಿತು. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 700 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಗುಣಿಸಿದರೆ 28 ಲಕ್ಷ ಟನ್. ಪಾವಗಡದ ಬಿಸಿಲು ಒಂದು ವರ್ಷದಲ್ಲಿ ತಪ್ಪಿಸುವ ಹೊಗೆ ಅಷ್ಟು. ಸಮುದ್ರದಡಿ ಕಾರ್ಬನ್ ಡೈಆಕ್ಸೈಡ್ ತುಂಬುವುದರಲ್ಲಿ ಹೆಸರಾದ ನಾರ್ವೆಯ ಸ್ಲೈಪ್ನರ್ ಯೋಜನೆ 1996ರಿಂದ ನಡೆಯುತ್ತಿದೆ. ಅದು ವರ್ಷಕ್ಕೆ ತುಂಬಿದ್ದು ಹೆಚ್ಚೆಂದರೆ 10 ಲಕ್ಷ ಟನ್ ಆಸುಪಾಸು.

ಹಾಗಾದರೆ ಹಿಡಿಯುವ ಸಂಶೋಧನೆ ಬೇಡವೇ ಬೇಡ ಅನ್ನಬಹುದೇ? ನಾನು ಅನ್ನುವುದಿಲ್ಲ. ಸಿಮೆಂಟನ್ನೇ ತೆಗೆದುಕೊಳ್ಳಿ. ಸಿಮೆಂಟ್ ಗೂಡಿಗೂ ಸುಣ್ಣದ ಕಲ್ಲೇ ಹೋಗುವುದು. ಅಲ್ಲಿಂದ ಬರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಉರುವಲಿನದ್ದಲ್ಲ, ಕಲ್ಲಿನೊಳಗಿದ್ದದ್ದು. ಕಲ್ಲಿದ್ದಲು ಬಿಟ್ಟು ಬಿಸಿಲಿನ ಶಾಖವನ್ನೇ ಕೊಟ್ಟರೂ ಅದು ಬಂದೇ ಬರುತ್ತದೆ. ಅಂಥ ಕಡೆ ಹಿಡಿಯದೆ ಬೇರೆ ದಾರಿ ಇಲ್ಲ. ಮನೆ ಕಟ್ಟುವುದನ್ನು ನಿಲ್ಲಿಸಿ ಅಂತ ಯಾರಿಗೆ ಹೇಳುತ್ತೀರಿ?

ಹಿಡಿದದ್ದನ್ನು ಬಳಸಿಕೊಳ್ಳುವ ಕೆಲಸ ನಮ್ಮ ಪಕ್ಕದಲ್ಲೇ ನಡೆಯುತ್ತಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ಐಐಟಿ ಬಾಂಬೆಯಲ್ಲಿ, ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ಇದಕ್ಕೆಂದೇ ಎರಡು ರಾಷ್ಟ್ರೀಯ ಕೇಂದ್ರಗಳನ್ನು ತೆರೆಯಿತು. ಜಕ್ಕೂರಿನಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ತಂಡ ಕಾರ್ಬನ್ ಡೈಆಕ್ಸೈಡಿಗೆ ಹೈಡ್ರೋಜನ್ ಸೇರಿಸಿ ಮೆಥನಾಲ್ ಮಾಡುವ ವೇಗವರ್ಧಕಗಳ ಮೇಲೆ ಕೆಲಸ ಮಾಡುತ್ತಿದೆ. ಮೆಥನಾಲ್ ಇಂಧನವೂ ಹೌದು, ಪ್ಲಾಸ್ಟಿಕ್, ಬಣ್ಣ, ಅಂಟುಗಳಿಗೆ ಕಚ್ಚಾ ವಸ್ತುವೂ ಹೌದು.

ಇಲ್ಲೂ ಲೆಕ್ಕ ಬಿಡಬಾರದು. ಒಂದು ಟನ್ ಮೆಥನಾಲ್ ಮಾಡಲು ಸುಮಾರು 1.4 ಟನ್ ಕಾರ್ಬನ್ ಡೈಆಕ್ಸೈಡ್, 190 ಕೆಜಿ ಹೈಡ್ರೋಜನ್ ಬೇಕು. ಅಷ್ಟು ಹೈಡ್ರೋಜನ್ ಅನ್ನು ನೀರು ಒಡೆದು ತೆಗೆಯಲು ಹತ್ತಿರ ಹತ್ತಿರ 10,000 ಯೂನಿಟ್ ಕರೆಂಟ್, ಕನಿಷ್ಠ 1,700 ಲೀಟರ್ ನೀರು. ಕರೆಂಟಿಗೆ ಪಾವಗಡದಲ್ಲಿ ಬಿಸಿಲಿದೆ. ನೀರು? ಅಲ್ಲಿ ಕುಡಿಯುವ ನೀರಿನಲ್ಲೇ ಫ್ಲೋರೈಡ್. ಮೆಥನಾಲನ್ನು ಸುಟ್ಟರೆ ಹಿಡಿದ ಇಂಗಾಲ ಮತ್ತೆ ಗಾಳಿಗೇ ಹೋಗುತ್ತದೆ, ಆದರೆ ಅಷ್ಟು ಡೀಸೆಲ್ ಉಳಿಯುತ್ತದೆ. ಒಂದು ಇಂಗಾಲವನ್ನು ಎರಡು ಸಲ ದುಡಿಸಿಕೊಂಡ ಹಾಗೆ. ಶಾಶ್ವತವಾಗಿ ಹೂತ ಹಾಗಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಪೇಪರ್‌ನಲ್ಲಿ ಬರುವ ಎಷ್ಟೋ ಸುದ್ದಿ ಸರಿಯಾಗಿ ಅರ್ಥವಾಗುತ್ತದೆ.

ಕುಣಿಗಲ್ಲಿನ ಹಳ್ಳಿಗಳು ಕಲಿಸಿದ್ದು

ವಿಶ್ವವಿದ್ಯಾಲಯ ಮತ್ತು ಹಳ್ಳಿ ಜೊತೆಗೂಡಿ ಇಂಧನದ ಸಂಶೋಧನೆ ಮಾಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಐವತ್ತು ವರ್ಷದ ಇತಿಹಾಸ ಇದೆ. ಇದು ನಮ್ಮ ಮಕ್ಕಳಿಗೇ ಗೊತ್ತಿಲ್ಲ ಅನ್ನುವುದು ನನಗೆ ಬೇಸರ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಮ್ಮ ಹಿರಿಯರು ಕರೆಯುವುದು ಅದನ್ನೇ, ಅಮೂಲ್ಯ ರೆಡ್ಡಿ ಅವರು ಅಸ್ತ್ರ ಅನ್ನುವ ತಂಡ ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕು ಅನ್ನುವುದು ಅವರ ಹಠ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದರು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಬಂದದ್ದು ಈ ತಂಡದಿಂದ. ಹತ್ತಿರದ ಪುರ ಅನ್ನುವ ಊರಲ್ಲಿ ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಘಟಕ ಮಾಡಿದರು. ಎಲ್ಲರ ಮನೆಗೂ ಅಡುಗೆ ಗ್ಯಾಸ್ ಕೊಡುವುದು ಮೊದಲ ಯೋಚನೆ. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದದ್ದು ನೀರು. ಕೊನೆಗೆ ಆ ಗ್ಯಾಸಿನಿಂದ ಎಂಜಿನ್ ಓಡಿಸಿ, ಬೋರ್‌ವೆಲ್ ನೀರನ್ನು ನಲ್ಲಿಗೆ ಹರಿಸಿ, ಮನೆಗಳಿಗೆ ದೀಪ ಕೊಟ್ಟರು. ಅದು 1987ರ ಮಾತು. ಪ್ರಯೋಗಾಲಯದವರು ಊರಿನವರ ಮಾತು ಕೇಳಿ ತಮ್ಮ ಯೋಜನೆಯನ್ನೇ ತಿದ್ದಿಕೊಂಡದ್ದು ನನಗೆ ಇದರಲ್ಲಿ ದೊಡ್ಡದಾಗಿ ಕಾಣುತ್ತದೆ.

1988ರಲ್ಲಿ ಅದೇ ತಾಲ್ಲೂಕಿನ ಹೊಸಹಳ್ಳಿಗೆ ಸೌದೆಯನ್ನು ಅನಿಲ ಮಾಡುವ ಗ್ಯಾಸಿಫೈಯರ್ ಬಂತು. ಕರೆಂಟ್ ಇಲ್ಲದ ಊರಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಎಲ್ಲ ಅದರಿಂದ ನಡೆಯಿತು. ಆಮೇಲೆ 2001ರ ಹೊತ್ತಿಗೆ ದೊಡ್ಡ ಯೋಜನೆಯೇ ಶುರುವಾಯಿತು. ವಿಶ್ವಸಂಸ್ಥೆಯ ಹಣ, ರಾಜ್ಯ ಸರ್ಕಾರದ ಆಡಳಿತ, ವಿಜ್ಞಾನ ಸಂಸ್ಥೆಯ ತಂತ್ರಜ್ಞಾನ. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟ್ ಘಟಕ ನಿಂತು ಗ್ರಿಡ್‌ಗೆ ಕರೆಂಟ್ ಕೊಟ್ಟಿತು. ಒಂದು ಯೂನಿಟ್‌ಗೆ ಒಂದೂಕಾಲು ಕೆಜಿ ಮೇಲೆ ಒಣ ಸೌದೆ ಬೇಕು. ಸೌದೆ ಒಣಗಿರಬೇಕು, ಒಂದೇ ಅಳತೆಗೆ ಕಡಿದಿರಬೇಕು, ಮಳೆಗಾಲದಲ್ಲೂ ಸಿಗಬೇಕು. ಎಂಜಿನ್‌ಗಿಂತ ಈ ಸೌದೆ ಹೊಂದಿಸುವುದೇ ದೊಡ್ಡ ಕೆಲಸ ಅಂತ ಅಲ್ಲಿ ದುಡಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಇದಕ್ಕೂ ಇಂಗಾಲ ಹಿಡಿಯುವುದಕ್ಕೂ ಏನು ಸಂಬಂಧ? ಇದೆ. ಮರ ಬೆಳೆಯುವಾಗ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ತೆಗೆದುಕೊಳ್ಳುತ್ತದೆ. 2,400 ಕಾಳಲ್ಲಿ ಒಂದು ಸಾಸಿವೆ ಹುಡುಕುವ ಆ ಕೆಲಸವನ್ನು ಹೊಂಗೆ, ಬಳ್ಳಾರಿ ಜಾಲಿ ಎಲ್ಲವೂ ಬಿಸಿಲಿನ ಬಲದಿಂದ ದಿನವೂ ಮಾಡುತ್ತಿವೆ, ಬಿಟ್ಟಿಯಾಗಿ. ಪೂರ್ತಿ ಸುಟ್ಟರೆ ಅಷ್ಟೂ ವಾಪಸ್ ಹೋಗುತ್ತದೆ. ಗಾಳಿ ಕಡಿಮೆ ಕೊಟ್ಟು ಸುಟ್ಟು, ಉಳಿದ ಇದ್ದಿಲನ್ನು ಹೊಲದ ಮಣ್ಣಿಗೆ ಸೇರಿಸಿದರೆ? ಸರಿಯಾಗಿ ಸುಟ್ಟಾಗ ಸೌದೆಯ ಇಂಗಾಲದಲ್ಲಿ ಹತ್ತಿರ ಹತ್ತಿರ ಅರ್ಧ ಇದ್ದಿಲಿನಲ್ಲೇ ಉಳಿಯುತ್ತದೆ. ಎಲೆ ಗೊಬ್ಬರದ ಹಾಗೆ ಅದು ಬೇಗ ಕೊಳೆಯುವುದಿಲ್ಲ, ನೂರಾರು ವರ್ಷ ಮಣ್ಣಲ್ಲಿರುತ್ತದೆ. ಇದನ್ನೇ ಬಯೋಚಾರ್ ಅನ್ನುವುದು. ಕಡಲೆಕಾಯಿ ಸಿಪ್ಪೆ, ಕರಟ, ಶಿಡ್ಲಘಟ್ಟ ಕಡೆಯ ಹಿಪ್ಪುನೇರಳೆ ಕಡ್ಡಿ ಎಲ್ಲ ಆಗುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಅದಕ್ಕೂ ಇದು ಸಹಾಯ. ಆದರೆ ಕಡ್ಡಿ ಎಲ್ಲ ಇದ್ದಿಲಿಗೆ ಹೋದರೆ ಒಲೆಗೇನು? ಸಿಪ್ಪೆ ಎಲ್ಲ ಹೋದರೆ ಗೊಬ್ಬರಕ್ಕೇನು? ಪುರದ ಸಗಣಿಯ ಪ್ರಶ್ನೆಯೇ ಇದು.

ಅಳೆಯುವುದೂ ಒಂದು ದೊಡ್ಡ ಕೆಲಸ. ಬಾಗೇಪಲ್ಲಿ ಕೂಲಿ ಸಂಘದವರು 5,500 ಮನೆಗಳಿಗೆ ಗೋಬರ್ ಗ್ಯಾಸ್ ಮಾಡುವ ಯೋಜನೆಯನ್ನು 2005ರಲ್ಲಿ ವಿಶ್ವಸಂಸ್ಥೆಯ ಇಂಗಾಲ ಲೆಕ್ಕದ ವ್ಯವಸ್ಥೆಯಲ್ಲಿ, ಅಂದರೆ ಉಳಿಸಿದ ಹೊಗೆಯನ್ನು ಅಳೆದು ಮಾರಲು ಬಿಡುವ ವ್ಯವಸ್ಥೆಯಲ್ಲಿ, ನೋಂದಾಯಿಸಿದರು. ಆಗಿನ್ನೂ ಅದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆಯಾಗಿದ್ದು 2007ರಲ್ಲಿ. ಸೌದೆ, ಸೀಮೆಎಣ್ಣೆ ಎಷ್ಟು ಉಳಿಯಿತು ಅಂತ ಮನೆ ಮನೆಯ ಲೆಕ್ಕ ಇಟ್ಟರೆ ಮಾತ್ರ ಹಣ. ಹಿಡಿದ ಅಥವಾ ಉಳಿಸಿದ ಇಂಗಾಲ ಕಣ್ಣಿಗೆ ಕಾಣದ ಸರಕು. ತೂಕ ಮಾಡುವವರು ನಂಬಿಕಸ್ತರಾಗಿರಬೇಕು. ವಿಶ್ವವಿದ್ಯಾಲಯಗಳು ಇದರಲ್ಲಿ ಇರಬೇಕು ಅಂತ ನಾನು ಹೇಳುವುದು ಈ ಕಾರಣಕ್ಕೂ ಹೌದು. ಮಾರುವವರದ್ದೇ ತಕ್ಕಡಿ ಆಗಬಾರದು.

ಕಳೆದ ವರ್ಷ ತರಗತಿಯಲ್ಲಿ ಎರಡು ಲೋಟ ಸುಣ್ಣದ ತಿಳಿ ಇಟ್ಟಿದ್ದೆ. ಒಂದಕ್ಕೆ ಮುಚ್ಚಳ, ಒಂದಕ್ಕಿಲ್ಲ. ಮಾರನೇ ದಿನ ತೆರೆದ ಲೋಟದ ಮೇಲೆ ಹಾಲಿನ ಕೆನೆಯಂಥ ತೆಳು ಪೊರೆ. ಬೆಳಕಿಗೆ ಹಿಡಿದರೆ ಹೊಳೆಯುತ್ತಿತ್ತು. ಕಡ್ಡಿ ತಾಗಿಸಿದರೆ ಚೂರು ಚೂರಾಗಿ ಒಡೆದು ಕೆಳಗಿಳಿಯಿತು. ಪಾವಗಡದ ಒಬ್ಬ ಹುಡುಗಿ ಅದನ್ನೇ ನೋಡುತ್ತಾ ನಿಂತಿದ್ದವಳು ಕೇಳಿದಳು: "ಮೇಡಂ, ಇದನ್ನ ವಾಪಸ್ ಬಿಡಿಸೋಕೆ ಎಷ್ಟು ಕರೆಂಟ್ ಬೇಕು?" ಅವರ ಮನೆಯವರ ಜಮೀನೂ ಸೋಲಾರ್ ಪಾರ್ಕಿಗೆ ಹೋಗಿದೆ.

ನೀನೇ ಲೆಕ್ಕ ಮಾಡು ಅಂದೆ. ಪುಸ್ತಕದಲ್ಲಿ ಇರುವ ಅಂಕಿ: 44 ಗ್ರಾಂ ಕಾರ್ಬನ್ ಡೈಆಕ್ಸೈಡನ್ನು ಸುಣ್ಣದ ಕಲ್ಲಿನಿಂದ ಬಿಡಿಸಲು 178 ಕಿಲೋಜೂಲ್. ಬೋರ್ಡಿನ ಮೇಲೆ ಬರೆದಳು. ಒಂದು ಕೆಜಿಗೆ 4,045 ಕಿಲೋಜೂಲ್. ಒಂದು ಯೂನಿಟ್ ಕರೆಂಟ್ ಅಂದರೆ 3,600 ಕಿಲೋಜೂಲ್, ಅದರಿಂದ ಭಾಗಿಸಿದಳು. 1.1 ಯೂನಿಟ್ ಚಿಲ್ಲರೆ. ಕಲ್ಲು ಕಾಯಿಸುವ ಖರ್ಚು, ಸೋರಿಹೋಗುವ ಶಾಖ ಇನ್ನೂ ಸೇರಿಸಿಲ್ಲ. ಕಲ್ಲಿದ್ದಲಿನ ಕರೆಂಟ್ ಆದರೆ ಒಂದು ಯೂನಿಟ್‌ಗೆ ಹತ್ತಿರ ಹತ್ತಿರ ಒಂದು ಕೆಜಿ ಹೊಗೆ ಅಂತ ನಾನು ಹೇಳಿದೆ. ಅವಳು ಬರೆಯುವುದನ್ನು ನಿಲ್ಲಿಸಿ ತಿರುಗಿ ನೋಡಿದಳು. "ಒಂದು ಕೆಜಿ ಹಿಡಿಯೋಕೆ ಒಂದು ಕೆಜಿಗಿಂತ ಜಾಸ್ತಿ ಬಿಟ್ವಾ?"

ಪಾವಗಡದ ಕರೆಂಟ್ ಹಾಕಿ ನೋಡು ಅಂದೆ. ಪ್ಯಾನಲ್ ತಯಾರಿಸುವಾಗಿನ ಹೊಗೆಯನ್ನೂ ಸೇರಿಸಿ ಯೂನಿಟ್‌ಗೆ 50 ಗ್ರಾಂ ಇಟ್ಟುಕೋ. ಹಳೇ ಸಂಖ್ಯೆಯನ್ನು ಅಂಗೈಯಲ್ಲೇ ಒರೆಸಿ ಹೊಸದನ್ನು ಬರೆದಳು: 56 ಗ್ರಾಂ.